ಮಳೆಯಿಲ್ಲದ ದಿನ ಮಳೆನೀರಿನ ಚರಂಡಿ ಹರಿದರೆ

ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲಿ ನೀರು ಕೆಟ್ಟರೆ ಎಲ್ಲರೂ ಮೊದಲು ಕೆಮಿಸ್ಟ್ರಿ ಲ್ಯಾಬ್ ಕಡೆ ಕೈ ತೋರಿಸುತ್ತಾರೆ. ಪರಿಸರ ಎಂಜಿನಿಯರ್ ಆಗಿ ನಾನು ಮೊದಲು ನೋಡುವುದು ರಸ್ತೆ ಬದಿಯ ಚರಂಡಿಯನ್ನು.

ಶೌಚಾಲಯ, ಸಿಂಕ್, ಅಡುಗೆಮನೆಯ ನೀರು ಒಳಚರಂಡಿ ಹಿಡಿದು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ರಸ್ತೆ ಬದಿಯ ಜಾಲರಿಗೆ ಬಿದ್ದ ನೀರು ಹಾಗಲ್ಲ. ಮಳೆನೀರಿಗೆ ಬೇರೆ ಕೊಳವೆ ಇರುವ ಕಡೆ ಅದು ಸಾಮಾನ್ಯವಾಗಿ ನೇರವಾಗಿ ಹಳ್ಳಕ್ಕೋ ಕೆರೆಗೋ ಸೇರುತ್ತದೆ. ಬಸ್ ತೊಳೆದ ಸೋಪು ನೀರು, ಬಣ್ಣದ ಬ್ರಷ್ ಅದ್ದಿದ ನೀರು ಅಲ್ಲಿಗೆ ಸುರಿದರೆ ಕೆರೆಗೇ ಸುರಿದಂತೆ. ಕಾಂಕ್ರೀಟ್ ಮಿಕ್ಸರ್ ತೊಳೆದ ನೀರು ಇನ್ನೂ ಅಪಾಯ. ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ) 12ರ ಆಸುಪಾಸಿನಲ್ಲಿರುತ್ತದೆ, ಅಷ್ಟು ಕ್ಷಾರಕ್ಕೆ ಮೀನುಗಳು ಸಾಯುತ್ತವೆ. ಕಟ್ಟಡ ಕೆಲಸ ಶುರುವಾಗುವ ಮೊದಲೇ ಅದಕ್ಕೊಂದು ಸೋರದ ಗುಂಡಿ ಮಾಡಿಸಬೇಕು.

ಮಳೆ ನಿಂತು ಮೂರು ದಿನ ಆದಮೇಲೆ ಈ ಚರಂಡಿ ಹೊರಬೀಳುವ ಜಾಗಕ್ಕೆ ಹೋಗಿ ನೋಡಿ. ಆಗಲೂ ನೀರು ಹರಿಯುತ್ತಿದೆಯಾ? ಬರೀ ಅಂತರ್ಜಲ ಜಿನುಗುತ್ತಿರಬಹುದು. ಆದರೆ ನೊರೆ, ಜಿಡ್ಡು, ದುರ್ವಾಸನೆ ಇದ್ದರೆ ಯಾರೋ ಏನೋ ಸುರಿಯುತ್ತಿದ್ದಾರೆ, ಇಲ್ಲವೇ ಯಾವುದೋ ಕಟ್ಟಡದ ಪೈಪ್ ತಪ್ಪು ಜಾಗಕ್ಕೆ ಸೇರಿಕೊಂಡಿದೆ. ಅನುಮಾನ ಬಂದ ಸಿಂಕ್‌ಗೆ ವಿಷವಲ್ಲದ ಪರೀಕ್ಷಾ ಬಣ್ಣ ಹಾಕಿ ನೀರು ಬಿಡಿ. ಚರಂಡಿಯಲ್ಲಿ ಬಣ್ಣ ಕಂಡರೆ ಕಳ್ಳ ಸಿಕ್ಕಿದ. ಹಳೆಯ ನಕ್ಷೆಗಿಂತ ಇದನ್ನೇ ನಾನು ಜಾಸ್ತಿ ನಂಬುತ್ತೇನೆ. ನಕ್ಷೆ ಬರೆದ ಮೇಲೆ ಎಷ್ಟೋ ರಿಪೇರಿ ಆಗಿರುತ್ತದೆ, ಅಲ್ವಾ?

ಹಾಗಂತ ಲ್ಯಾಬನ್ನು ಸುಮ್ನೆ ಬಿಡುವಂತಿಲ್ಲ. ‘ನಲ್ಲಿ ಬಿಟ್ಟು ತೆಳು ಮಾಡಿದರೆ ಸಾಕು’ ಅನ್ನುವ ಮಾತು ಈಗಲೂ ಕಿವಿಗೆ ಬೀಳುತ್ತದೆ. ಪಾದರಸ, ಸೀಸ ತೆಳುವಾದರೂ ಇಲ್ಲವಾಗುವುದಿಲ್ಲ, ಕೆಸರಿನಲ್ಲಿ ಕೂರುತ್ತವೆ. ಶುದ್ಧೀಕರಣ ಘಟಕದಲ್ಲಿ ಕೊಳೆ ತಿನ್ನುವುದು ಬ್ಯಾಕ್ಟೀರಿಯಾಗಳು. ವಿಷ ಜಾಸ್ತಿಯಾದರೆ ಅವೇ ಸಾಯುತ್ತವೆ. ಲ್ಯಾಬ್‌ಗಳಲ್ಲಿ ಬಳಸುವ ಸೋಡಿಯಂ ಅಜೈಡ್ ಎಂಬ ರಾಸಾಯನಿಕ ಅಂತೂ ತಾಮ್ರ, ಸೀಸದ ಕೊಳವೆಯೊಳಗೆ ಸ್ಫೋಟಕವಾಗಿ ಮಾರ್ಪಡಬಹುದು. ಮುಂದೊಂದು ದಿನ ಆ ಪೈಪ್ ಬಿಚ್ಚುವ ಪ್ಲಂಬರ್ ಗತಿ ಏನು? ಅಪಾಯಕಾರಿ ರಾಸಾಯನಿಕವಿದ್ದ ಪಾತ್ರೆಯನ್ನು ಮೊದಲ ಸಲ ತೊಳೆದ ನೀರೂ ತ್ಯಾಜ್ಯದ ಡಬ್ಬಿಗೇ ಹೋಗಬೇಕು.

ಹುಲ್ಲುಹಾಸಿಗೆ ಜೋರು ಮಳೆಯ ಮುನ್ನಾದಿನ ಗೊಬ್ಬರ ಹಾಕಬೇಡಿ. ಗೊಬ್ಬರದಿಂದ ಕೊಚ್ಚಿಹೋದ ರಂಜಕ (ಫಾಸ್ಫರಸ್) ಕೆರೆಯಲ್ಲಿ ಪಾಚಿ ಬೆಳೆಸುತ್ತದೆ.

ನೆಲ ಒರೆಸಿದ ನೀರನ್ನು ಹೊರಗಿನ ಜಾಲರಿಗೆ ಚೆಲ್ಲುವ ಸಿಬ್ಬಂದಿಯನ್ನು ಬೈಯುವುದು ಸುಲಭ. ಬೈಯುವ ಮುಂಚೆ ಅವರ ಮಹಡಿಯಲ್ಲಿ ಆ ಬಕೆಟ್ ಖಾಲಿ ಮಾಡಲು ಜಾಗ ಇದೆಯಾ ನೋಡಿ. ಇಲ್ಲದಿದ್ದರೆ ಒಳಚರಂಡಿಗೆ ಸೇರುವ ಒಂದು ತಗ್ಗು ಸಿಂಕ್ ಹಾಕಿಸಿ. ಎಚ್ಚರಿಕೆಯ ಫಲಕಕ್ಕಿಂತ ಮೊದಲು ಆಗಬೇಕಾದ ಖರ್ಚು ಅದು.