ಪಕ್ಕಕ್ಕೆ ಒದ್ದು ಮುಂದಕ್ಕೆ ಹೋಗೋದು: ಸ್ಕೀ ಸ್ಪ್ರಿಂಟ್ ಸ್ಕೇಟಿಂಗ್ ನೋಟ್ಸ್

ಇಂಟರ್ನಲ್ಸ್‌ಗೆ ಬಯೋಮೆಕ್ಯಾನಿಕ್ಸ್ ಓದ್ತಿರೋರಿಗೆ ಇದು. ಕ್ರಾಸ್-ಕಂಟ್ರಿ ಸ್ಕೀಯಿಂಗಲ್ಲಿ ಸ್ಕೀಗಳನ್ನ V ಆಕಾರದಲ್ಲಿಟ್ಟು ಪಕ್ಕಕ್ಕೆ ಒದ್ದು ಜಾರೋದಕ್ಕೆ ಸ್ಕೇಟಿಂಗ್ ಅಂತಾರೆ. ನ್ಯೂಟನ್ ಲಾ, ಸೈನ್-ಕಾಸ್ ಎಲ್ಲಾ ಹೇಳ್ತಾ ಕೂರಲ್ಲ. ಬೆಂಗಳೂರಲ್ಲಿ ಫ್ಯಾನ್ ಕೆಳಗೆ ಕೂತು ಹಿಮದ ಫೋರ್ಸ್ ಲೆಕ್ಕ ಹಾಕೋದು ತಮಾಷೆನೇ ಬಿಡಿ, ಆದ್ರೂ ರಿಂಕಲ್ಲಿ ಇನ್‌ಲೈನ್ ಸ್ಕೇಟ್ ಹಾಕಿರೋರಿಗೆ ಅರ್ಧ ವಿಷ್ಯ ಕಾಲಿಗೇ ಗೊತ್ತಿರುತ್ತೆ.

ಸ್ಪ್ರಿಂಟ್ ಅಂದ್ರೆ ಸಾಮಾನ್ಯವಾಗಿ 1ರಿಂದ 1.8 ಕಿಮೀ, ಸುಮಾರು 3 ನಿಮಿಷದ ಆಟ. ಈಗಿನ ಪದ್ಧತೀಲಿ ಟೈಮ್ ಟ್ರಯಲ್‌ನಿಂದ 30 ಜನ ಹೀಟ್ಸ್‌ಗೆ ಹೋಗ್ತಾರೆ, ಹೀಟ್ ಅಂದ್ರೆ ಒಟ್ಟಿಗೆ ಓಡೋ ನಾಕೌಟ್ ರೇಸು, ಒಂದೊಂದ್ರಲ್ಲಿ 6 ಜನ. ಒಲಿಂಪಿಕ್ಸ್‌ಗೆ ಬಂದಿದ್ದು 2002ರಲ್ಲಿ. ಅಷ್ಟು ಸಾಕು.

ನನ್ ತಲೆ ತಿಂದಿದ್ದು ಒಂದೇ ಪ್ರಶ್ನೆ: ಕಾಲು ಒದೆಯೋದು ಪಕ್ಕಕ್ಕೆ, ಮತ್ತೆ ಮನುಷ್ಯ ಮುಂದಕ್ಕೆ ಹೆಂಗ್ ಹೋಗ್ತಾನೆ? ನಿಧಾನಕ್ಕೆ ನೋಡಿ. ಸ್ಕೀ ಉದ್ದಕ್ಕೂ ಜಾರುತ್ತೆ, ಆ ಕಡೆ ಘರ್ಷಣೆ ತುಂಬಾ ಕಮ್ಮಿ, ಅಂದ್ರೆ ಹಿಮ ಆ ದಿಕ್ಕಲ್ಲಿ ಹೆಚ್ಚುಕಮ್ಮಿ ಏನೂ ತಳ್ಳಲ್ಲ, ಅದು ತಳ್ಳೋದೆಲ್ಲ ಸ್ಕೀ ತಳಕ್ಕೆ ನೇರ ಲಂಬವಾಗಿ. ಸ್ಕೀ ಚಪ್ಪಟೆಯಾಗಿದ್ರೆ ಆ ಫೋರ್ಸ್ ಸೀದಾ ಮೇಲಕ್ಕೆ ಹೋಗುತ್ತೆ, ವೇಸ್ಟು. ಒಳ ಅಂಚಿನ ಮೇಲೆ ವಾಲಿಸಿದ್ರೆ ಒಂದು ಭಾಗ ಅಡ್ಡಕ್ಕೆ ಬರುತ್ತೆ, ಆದ್ರೆ ಸ್ಕೀ ಮೂತಿ ನೇರ ಮುಂದಕ್ಕಿದ್ರೆ ಅದು ಬರೀ ಪಕ್ಕಕ್ಕೇ. ಮೂತಿನ ಹೊರಗಡೆ ತಿರುಗಿಸಿದ ತಕ್ಷಣ ಆ ಅಡ್ಡ ಫೋರ್ಸ್ ಕೂಡ ಅಷ್ಟೇ ಡಿಗ್ರಿ ಮುಂದಕ್ಕೆ ತಿರುಗುತ್ತೆ, ಇಲ್ಲಿದೆ ನೋಡಿ ಮ್ಯಾಜಿಕ್ಕು. ಎರಡು ಕೋನ, ಎರಡು ಸೈನ್. ಉದಾಹರಣೆಗೆ 800 ನ್ಯೂಟನ್ ಒತ್ತಿದ್ರಿ, 30 ಡಿಗ್ರಿ ವಾಲಿಸಿದ್ರಿ ಅಂತಿಟ್ಕೊಳಿ: ಅಡ್ಡಕ್ಕೆ 400. ಮೂತಿ 20 ಡಿಗ್ರಿ ಹೊರಗೆ: ಮುಂದಕ್ಕೆ ಸುಮಾರು 137. ಅಷ್ಟೇನಾ ಅನ್ಸುತ್ತೆ, ಹೌದು, ಅಷ್ಟೇ!

ಹಾಗಾದ್ರೆ ಮೂತಿ ಇನ್ನೂ ಅಗಲ ಮಾಡಿದ್ರೆ? ಫೋರ್ಸ್ ಜಾಸ್ತಿ ಸಿಗುತ್ತೆ, ಆದ್ರೆ ಸ್ಕೀ ಅಡ್ಡಾದಿಡ್ಡಿ ಜಾರುತ್ತೆ, ಮುಂದಕ್ಕೆ ಸಿಗೋ ದೂರ ಕಮ್ಮಿ. ಅದಕ್ಕೇ ಏರಲ್ಲಿ ಅಗಲ, ಸ್ಪೀಡಾಗಿರೋ ಸಮತಟ್ಟಲ್ಲಿ ಕಿರಿದು.

ಇನ್ನೊಂದು ಲಾಭ. ಕ್ಲಾಸಿಕ್ ಸ್ಟೈಲಲ್ಲಿ (ಎರಡೂ ಸ್ಕೀ ನೇರ ಮುಂದಕ್ಕಿಟ್ಟು ಹೋಗೋದು) ಒದೆಯೋ ಹೊತ್ತಿಗೆ ಸ್ಕೀ ಒಂದ್ ಕ್ಷಣ ನಿಲ್ಲಲೇಬೇಕು, ಸ್ಪೀಡ್ ಏರಿದಂಗೆ ಆ ಟೈಮ್ ಕುಗ್ಗುತ್ತೆ. ಸ್ಕೇಟಿಂಗಲ್ಲಿ ಸ್ಕೀ ಜಾರ್ತಾ ಇದ್ದಂಗೇ ಒದೀಬಹುದು.

ಪೋಲ್ (ಕೈಯಲ್ಲಿ ಹಿಡಿದು ಹಿಮಕ್ಕೆ ಊರೋ ಕೋಲು) ಸುಲಭ: ನೆಟ್ಟಗಿದ್ರೆ ಲಾಭ ಕಮ್ಮಿ, ಮಲಗಿದಷ್ಟೂ ಮುಂದಕ್ಕೆ ಹೆಚ್ಚು. 150 ನ್ಯೂಟನ್ ಒತ್ತಿದ್ರೆ ನೆಲಕ್ಕೆ 60 ಡಿಗ್ರೀಲಿ 75, 30 ಡಿಗ್ರೀಲಿ 130.

ಗೇರ್‌ಗಳು. ಕಾಲಿನ ಒದೆತಕ್ಕೆ ಪೋಲ್ ಊರೋದನ್ನ ಜೋಡಿಸೋ ಒಂದೊಂದು ರೀತಿಗೂ ಗೇರ್ ಅಂತಾರೆ, ಜಿ ಅಂದ್ರೆ ಅದೇ. ಜಿ3ಲಿ ಪ್ರತಿ ಕಾಲಿನ ಒದೆತಕ್ಕೂ ಪೋಲ್, ಜಿ5ಲಿ ಪೋಲೇ ಇಲ್ಲ. ಗೋಳಿರೋದು ಜಿ2, ಜಿ4 ಜೊತೆ, ಎರಡ್ರಲ್ಲೂ ಎರಡು ಕಾಲಿಗೆ ಒಂದ್ಸಲ ಪೋಲ್. ವಿಡಿಯೋನ ಪೋಲ್ ನೆಲ ಮುಟ್ಟೋ ಫ್ರೇಮಲ್ಲಿ ನಿಲ್ಲಿಸಿ. ಆಗಲೇ ಒಂದು ಸ್ಕೀನೂ ಜೊತೆಗೇ ಇಳೀತಿದ್ರೆ, ಒಂದ್ ಕೈ ಮೇಲಿದ್ದು ಆ ಕಡೆ ಪೋಲ್ ನೆಟ್ಟಗಿದ್ರೆ ಅದು ಜಿ2, ಏರಿನ ಗೇರ್. ಒಂದೇ ಸ್ಕೀ ಮೇಲೆ ಆರಾಮಾಗಿ ಜಾರ್ತಿರೋವಾಗ ಎರಡೂ ಕೈ ಸಮನಾಗಿ ಪೋಲ್ ಊರಿದ್ರೆ ಜಿ4, ಅದು ವೇಗದ ಸಮತಟ್ಟಿಗೆ.