ಕಡಿಮೆ ಆಯ್ತು ಅಂತ ನೀರು ಸುರಿಯುವವರಿಗೆ

ಆಯಿಲ್ ಬದಲಾಯಿಸಿ, ಏರ್ ಫಿಲ್ಟರ್ ನೋಡಿ, ಟೈರಿಗೆ ಗಾಳಿ ಹಿಡಿಸಿ ಅಂತ ಹೇಳೋರು ಬೇಕಾದಷ್ಟು ಜನ ಇದ್ದಾರೆ. ಅದನ್ನೆಲ್ಲ ಬಿಡುತ್ತೇನೆ, ನಿಮಗೂ ಗೊತ್ತಿದೆ. ನನಗೆ ತಲೆ ಕೆಡುವುದು ಒಂದೇ ಮಾತಿಗೆ. "ಕೂಲೆಂಟ್ ಸ್ವಲ್ಪ ಕಡಿಮೆ ಆಗಿತ್ತು ಸಾರ್, ನೀರು ಹಾಕಿದೆ." ಕೂಲೆಂಟ್ ಅಂದರೆ ಇಂಜಿನ್ನನ್ನು ತಣ್ಣಗಿಡುವ ದ್ರವ. ಹಾಸನದಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವ ನನಗೆ ಬೇಸಿಗೆ ರಜೆ ಬಂತೆಂದರೆ ಇದನ್ನು ಕೇಳಿ ಕೇಳಿ ಸಾಕಾಗುತ್ತದೆ.

ನಮ್ಮ ಕಡೆ ಇದು ಜಾಸ್ತಿ ಕಾಣೋದಕ್ಕೆ ಕಾರಣ ಇದೆ. ಬೆಂಗಳೂರಿನಿಂದ ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಹೊರಟವರು ಹೋಗುವಾಗ ಶಿರಾಡಿ ಘಾಟ್ ಇಳಿಯುತ್ತಾರೆ. ಇಳಿಜಾರು, ಇಂಜಿನ್‌ಗೆ ಏನೂ ಕಷ್ಟ ಇಲ್ಲ. ದರ್ಶನ ಆಗುತ್ತದೆ, ಊಟ ಆಗುತ್ತದೆ. ವಾಪಸ್ ಬರುವಾಗ ಗುಂಡ್ಯ ದಾಟಿದ ಮೇಲೆ ಏರು ಶುರು. ಮಧ್ಯಾಹ್ನದ ಬಿಸಿಲು, ಕಾರಿನ ತುಂಬ ಜನ, ಎ.ಸಿ. ಆನ್, ಮುಂದೆ ಲೋಡ್ ಲಾರಿ, ಸೆಕೆಂಡ್ ಗೇರ್. ಎಲ್ಲೋ ಮಾರನಹಳ್ಳಿ ಹತ್ತಿರ ಬಾನೆಟ್ ಸಂದಿಯಿಂದ ಹಬೆ ಏಳುತ್ತದೆ. ಆಮೇಲೆ ಟೋಯಿಂಗ್ ಗಾಡಿ, ಆಮೇಲೆ ನಾನು.

ಈಗ ವಿಷಯ. ಪೆಟ್ರೋಲ್ ಖರ್ಚಾಗುತ್ತದೆ. ಇಂಜಿನ್ ಆಯಿಲ್ ಕೂಡ ಚೂರುಪಾರು ಸುಡುತ್ತದೆ. ಕೂಲೆಂಟ್ ಮಾತ್ರ ಖರ್ಚಾಗುವ ವಸ್ತು ಅಲ್ಲ. ಇಂಜಿನ್, ಬಿಸಿ ಹೊರಹಾಕುವ ರೇಡಿಯೇಟರ್, ಮತ್ತೆ ಇಂಜಿನ್ ಅಂತ ಅದೇ ಕೂಲೆಂಟ್ ಮುಚ್ಚಿದ ದಾರಿಯಲ್ಲಿ ಸುತ್ತುತ್ತಾ ಇರುತ್ತದೆ. ವರ್ಷಗಟ್ಟಲೆ ಓಡಿದಾಗ ಕೂಲೆಂಟಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ಬೆರಳು ಇಳಿದರೆ ನಾನೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ತಿಂಗಳಿಗೊಮ್ಮೆ, ವಾರಕ್ಕೊಮ್ಮೆ ಇಳಿಯುತ್ತಿದೆ ಅಂದರೆ ಅದು ಎಲ್ಲೋ ಹೊರಗೆ ಹೋಗುತ್ತಿದೆ, ಅಷ್ಟೇ. ನೀವು ನೀರು ತುಂಬಿದರೆ ಮಟ್ಟ ಸರಿಹೋಗುತ್ತದೆ, ತೂತು ಹಾಗೇ ಇರುತ್ತದೆ.

ಇನ್ನೊಮ್ಮೆ ಹೇಳುತ್ತೇನೆ, ಯಾಕೆಂದರೆ ಇಷ್ಟು ಹೇಳಿದ ಮೇಲೂ "ಹಾಗಾದ್ರೆ ನೀರಿನ ಬದಲು ಕೂಲೆಂಟೇ ತುಂಬಿಸ್ತೀನಿ ಬಿಡಿ" ಅನ್ನುತ್ತಾರೆ. ಅಲ್ಲ ಸ್ವಾಮಿ. ಏನು ತುಂಬಬೇಕು ಅನ್ನೋದು ಎರಡನೇ ಪ್ರಶ್ನೆ. ಯಾಕೆ ಕಡಿಮೆ ಆಯ್ತು ಅನ್ನೋದು ಮೊದಲನೇದು. ಸೋರಿಕೆ ಇದ್ದರೆ ಬರೀ ದ್ರವ ಹೋಗುವುದಿಲ್ಲ, ಒತ್ತಡವೂ ಹೋಗುತ್ತದೆ. ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿದ ಕೂಲೆಂಟ್ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಕೂಲೆಂಟ್ ತುಂಬುವ ಬಾಯಿಯ ಮುಚ್ಚಳ, ಅಂದರೆ ಕ್ಯಾಪ್, ಬಿಗಿಯಾಗಿ ಒತ್ತಡ ಹಿಡಿದಿಟ್ಟರೆ 120 ದಾಟಿದರೂ ಕುದಿಯುವುದಿಲ್ಲ. ಘಾಟ್ ಏರುವಾಗ ನಿಮ್ಮನ್ನು ಕಾಯುವುದು ಈ ಒತ್ತಡವೇ. ಕ್ಯಾಪಿನ ರಬ್ಬರ್ ಒಡೆದಿದ್ದರೆ ಎಷ್ಟೇ ದುಬಾರಿ ಕೂಲೆಂಟ್ ಹಾಕಿದರೂ ಆ ಲಾಭ ಸಿಗುವುದಿಲ್ಲ.

ನಮ್ಮ ಹತ್ತಿರ ಒಬ್ಬ ನಿವೃತ್ತ ಮೇಷ್ಟ್ರು ಬರುತ್ತಾರೆ. ಬಹಳ ಒಳ್ಳೆಯವರು, ಟೈರ್ ಪ್ರೆಶರ್ ಕೂಡ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಭಾನುವಾರ ಕಾರು ತೊಳೆದು, ಹಾಗೇ ಬೋರ್‌ವೆಲ್ ನೀರು ಒಂದು ಚೊಂಬು ಡಬ್ಬಿಗೂ ಹಾಕುವುದು ಅವರ ಪದ್ಧತಿ. ಅವರಿಗೆ ಮೊದಲು ಅಂಬಾಸಿಡರ್ ಇತ್ತು. ಆ ಕಾಲಕ್ಕೆ ಅದು ತಪ್ಪೇನಲ್ಲ, ಆ ಗಾಡಿಯ ಇಂಜಿನ್ನಿನ ಮೇಲಿನ ಹೆಡ್ಡು, ಕೆಳಗಿನ ಬ್ಲಾಕು ಎರಡೂ ಬೀಡುಕಬ್ಬಿಣ, ನೀರು ಕಡಿಮೆಯಾಗುವುದೂ ಮಾಮೂಲಿ. ಈಗಿನ ಕಾರಿನಲ್ಲಿ ಹೆಡ್ ಅಲ್ಯೂಮಿನಿಯಂ, ರೇಡಿಯೇಟರ್ ಅಲ್ಯೂಮಿನಿಯಂ. "ನಮ್ಮೂರಲ್ಲಿ ಹಿಮ ಬೀಳುತ್ತೇನಯ್ಯಾ, ಕೂಲೆಂಟ್ ಯಾಕೆ?" ಅಂತ ನನ್ನನ್ನೇ ಕೇಳಿದರು. ಹೆಪ್ಪುಗಟ್ಟದಂತೆ ತಡೆಯುವುದು ಬಿಡಿ ಮೇಷ್ಟ್ರೇ, ಕೂಲೆಂಟಿನಲ್ಲಿ ತುಕ್ಕು ತಡೆಯುವ ಮದ್ದು ಇರುತ್ತದೆ, ಚೊಂಬು ಚೊಂಬು ನೀರು ಬಿದ್ದಂತೆ ಅದು ತೆಳುವಾಗುತ್ತಾ ಹೋಗುತ್ತದೆ ಅಂದೆ. ರೇಡಿಯೇಟರ್ ಬಿಚ್ಚಿ ತೋರಿಸಿದೆ. ಗೀಸರ್ ಕಾಯಿಲ್ ಮೇಲೆ ಕಟ್ಟುವ ಅದೇ ಬಿಳಿ ಸುಣ್ಣ, ಸಣ್ಣ ಸಣ್ಣ ಕೊಳವೆಗಳ ಬಾಯಲ್ಲಿ ಉಗುರಿಗೆ ಸಿಗುವಷ್ಟು. ಇಷ್ಟಕ್ಕೂ ವಾರವಾರ ಒಂದು ಚೊಂಬು ಹೋಗುತ್ತಿದ್ದದ್ದು ಎಲ್ಲಿಗೆ? ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಿಂದ. ಸೀಲ್ ಹೋದಾಗ ಗೊತ್ತಾಗಲಿ ಅಂತಲೇ ಆ ತೂತು ಇಟ್ಟಿರುತ್ತಾರೆ. ಕಾರು ಪಾಪ ಹೇಳುತ್ತಲೇ ಇತ್ತು.

ಸೋರುವ ಜಾಗ ಇನ್ನೂ ಹಲವು. ಹೋಸ್ ಕ್ಲಿಪ್, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಕೂಡುವ ಅಂಚು, ಹೀಟರ್. ಒಳಗೆ ಸಿಹಿ ವಾಸನೆ ಬಂದು ಮುಂದಿನ ಕಾರ್ಪೆಟ್ ಒದ್ದೆಯಾಗಿದ್ದರೆ ಹೀಟರ್ ಕಡೆ ಅನುಮಾನಪಡಿ. ಹೊರಗೆ ಎಲ್ಲೂ ಕಾಣದಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್ಡು-ಬ್ಲಾಕಿನ ನಡುವಿನ ಸೀಲ್, ಹೋಗಿರಬಹುದು. ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆತ ಟೀ ಥರ ನೊರೆ ಕಂಡರೆ ಆ ಕಾರನ್ನು ಓಡಿಸಬೇಡಿ. ಚಳಿಗಾಲದಲ್ಲಿ ಮುಚ್ಚಳಕ್ಕೆ ಅಂಟುವ ಬರೀ ತೇವವೂ ಕೆಲವೊಮ್ಮೆ ಹಾಗೇ ಕಾಣುತ್ತದೆ, ಆದ್ದರಿಂದ ನೋಡದೆ ತೀರ್ಪು ಕೊಡುವವನು ನಾನಲ್ಲ. ಪ್ರೆಶರ್ ಟೆಸ್ಟ್ ಮಾಡಿಸಿ. ಕ್ಯಾಪಿನ ಜಾಗಕ್ಕೆ ಸಣ್ಣ ಕೈಪಂಪು ಕೂರಿಸಿ ಗಾಳಿ ಒತ್ತಿದರೆ, ಪಂಪಿನ ಒತ್ತಡದ ಮುಳ್ಳು ಇಳಿಯುತ್ತಾ ಇಲ್ವಾ ಅಂತ ಸ್ವಲ್ಪ ಹೊತ್ತಿನಲ್ಲೇ ಗೊತ್ತಾಗುತ್ತದೆ. ಹೆಡ್ ಬೆಂಡಾಗಿ ಲೇತ್ ಅಂಗಡಿಯಲ್ಲಿ ಫೇಸಿಂಗ್, ಅಂದರೆ ಸಮತಟ್ಟು, ಮಾಡಿಸುವ ಖರ್ಚಿನ ಮುಂದೆ ಇದು ಏನೂ ಅಲ್ಲ.

ಒಂದು ಸಮಾಧಾನದ ಮಾತೂ ಇದೆ. ಎ.ಸಿ. ಹಾಕಿ ನಿಲ್ಲಿಸಿದ ಕಾರಿನ ಕೆಳಗೆ ತೊಟ್ಟಿಕ್ಕುವ ತಿಳಿನೀರು ಎ.ಸಿ.ಯದ್ದು. ಅದಕ್ಕೆ ಗಾಬರಿಯಾಗಿ ಫೋನ್ ಮಾಡಬೇಡಿ. ಕೂಲೆಂಟ್‌ಗೆ ಬಣ್ಣ ಇರುತ್ತದೆ, ಬೆರಳಿಗೆ ಜಾರುತ್ತದೆ.

ಬಣ್ಣ ಅಂದಾಗ ನೆನಪಾಯಿತು, ಹಸಿರಿಗೆ ಹಸಿರು, ಕೆಂಪಿಗೆ ಕೆಂಪು ಅಂತ ಬಣ್ಣ ನೋಡಿ ಬೆರೆಸಬೇಡಿ. ಬಣ್ಣಕ್ಕೆ ಎಲ್ಲ ಕಂಪನಿಯವರೂ ಒಪ್ಪಿದ ನಿಯಮ ಇಲ್ಲ. ಒಳಗಿನ ಮದ್ದು ಬೇರೆಯಾಗಿದ್ದರೆ ಕೆಲವು ಸಲ ಲೋಳೆಯಂತೆ ಗಟ್ಟಿಯಾಗುತ್ತದೆ. ಮ್ಯಾನ್ಯುಯಲ್‌ನಲ್ಲಿ ಬರೆದದ್ದನ್ನೇ ಹಾಕಿ, ಬದಲಾಯಿಸುವ ಅವಧಿಯೂ ಅದರಲ್ಲೇ ಇದೆ. ನೀರು ಬೆರೆಸದ ಕಾನ್ಸಂಟ್ರೇಟ್ ತಂದರೆ ಡಿಸ್ಟಿಲ್ಡ್ ವಾಟರ್ ಬೆರೆಸಿ. ಜಾಸ್ತಿ ಒಳ್ಳೆಯದಾಗಲಿ ಅಂತ ಹಾಗೇ ಸುರಿದರೆ ಶಾಖ ಸರಿಯಾಗಿ ಸಾಗುವುದಿಲ್ಲ.

ಹಾಗಂತ ಘಾಟ್ ಮಧ್ಯೆ ನಿಂತಾಗಲೂ ನೀರು ಹಾಕಲೇಬೇಡಿ ಅನ್ನುವಷ್ಟು ಕಟುಕ ನಾನಲ್ಲ. ಟೆಂಪರೇಚರ್ ಮುಳ್ಳು ಮೇಲೇರುತ್ತಿದ್ದಂತೆ, ಅಥವಾ ಕೆಂಪು ದೀಪ ಹತ್ತಿದ ಕೂಡಲೇ, ಎ.ಸಿ. ಆಫ್ ಮಾಡಿ, ಹೀಟರ್ ಫುಲ್ ಇಟ್ಟು, ಮೊದಲು ಸಿಕ್ಕಿದ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಹೀಟರ್ ಇಂಜಿನ್ನಿನ ಬಿಸಿಯನ್ನೇ ಎಳೆದುಕೊಳ್ಳುತ್ತದೆ, ಸೆಖೆಯಾಗುತ್ತದೆ, ತಡೆದುಕೊಳ್ಳಿ. ಇಂಜಿನ್ ಆಫ್ ಮಾಡಿ ಕಡಿಮೆಯೆಂದರೂ ಮುಕ್ಕಾಲು ಗಂಟೆ ಕಳೆಯುವ ತನಕ ಕ್ಯಾಪ್ ಮುಟ್ಟಬೇಡಿ. ಬಟ್ಟೆ ಸುತ್ತಿ ತೆಗೀತೀನಿ ಅನ್ನೋ ಧೈರ್ಯವೂ ಬೇಡ, ಮುಖ, ಎದೆ ಸುಟ್ಟುಕೊಂಡವರನ್ನು ನೋಡಿದ್ದೇನೆ. ಪೂರ್ತಿ ತಣ್ಣಗಾದ ಮೇಲೆ ಇರುವ ಕುಡಿಯುವ ನೀರನ್ನೇ ಹಾಕಿ. ಮಟ್ಟ ಮತ್ತೆ ಸರಸರ ಇಳಿದರೆ ಟೋಯಿಂಗ್‌ಗೆ ಫೋನ್ ಮಾಡಿ, ಮಟ್ಟ ಇಳಿಯದೆ ನಿಂತರೆ ಮಾತ್ರ ನಿಧಾನವಾಗಿ ಹತ್ತಿರದ ಗ್ಯಾರೇಜಿಗೆ ಬನ್ನಿ. ಬಂದವರು "ಎಷ್ಟು ನೀರು ಹಾಕಿದೆ, ಎಷ್ಟು ಹೊತ್ತು ಬಿಸಿಯಲ್ಲಿ ಓಡಿಸಿದೆ" ಅಂತ ನಿಜ ಹೇಳಿ, ಯಾರೂ ಬೈಯುವುದಿಲ್ಲ. ಸರಿ, ನಾನು ಸ್ವಲ್ಪ ಬೈಯಬಹುದು.