ಹಿಂಬಾಗಿಲಿಂದ ಯಾರೂ ಹೋಗಲಿಲ್ಲ

ಮಡಿಕೇರಿ ಕೋಟೆಗೆ ಹೋದವರು ಅಲ್ಲಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೂ ಒಂದು ಸುತ್ತು ಹಾಕಿ ಬರುತ್ತಾರೆ. ಹಳೇ ಶಿಲ್ಪಗಳು, ಕೋವಿಗಳು ನೋಡಿ ಹೊರಗೆ ಬರುತ್ತಾರೆ. ಮುಂದಿನ ಸಲ ಹೋದಾಗ ಸ್ವಲ್ಪ ತಲೆಯೆತ್ತಿ ಕಿಟಕಿಗಳನ್ನೂ ನೋಡಿ. ಅದು ಮೊದಲು ಚರ್ಚ್ ಆಗಿತ್ತು. ಬ್ರಿಟಿಷರು 1859ರಲ್ಲಿ ಕಟ್ಟಿಸಿದ ಸೇಂಟ್ ಮಾರ್ಕ್ಸ್ ಚರ್ಚ್.

ಅದರ ಮರುವರ್ಷ, 1860ರ ಅಕ್ಟೋಬರ್ 6ರಂದು, ಅದೇ ಬ್ರಿಟಿಷ್ ಸರ್ಕಾರ ಭಾರತ ದಂಡ ಸಂಹಿತೆಯನ್ನು ಪಾಸು ಮಾಡಿತು. 1862ರ ಜನವರಿ 1ರಿಂದ ಅದು ಜಾರಿಗೆ ಬಂತು. ಅದರಲ್ಲಿದ್ದ 377ನೇ ಕಲಮು ಗಂಡು ಗಂಡಿನ ಸಂಬಂಧವನ್ನು ಪ್ರಕೃತಿಗೆ ವಿರುದ್ಧವಾದ ಅಪರಾಧ ಎಂದಿತು. ಶಿಕ್ಷೆ ಜೀವಾವಧಿಯವರೆಗೂ ಇತ್ತು. ನಮ್ಮ ಕಡೆ ಎಸ್ಟೇಟುಗಳಲ್ಲಿ, ಚರ್ಚಿನ ಅಂಗಳದಲ್ಲಿ, 'ಇದೆಲ್ಲ ಹೊರದೇಶದಿಂದ ಬಂದ ಚಾಳಿ' ಅಂತ ಮಾತು ಬರುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಹೊರದೇಶದಿಂದ ಬಂದದ್ದು ಆ ಕಾನೂನು. ಪ್ರೀತಿ ಅದಕ್ಕೂ ಮೊದಲೇ ಇಲ್ಲಿತ್ತು.

ಆ ಕಾನೂನು ಪಾಸಾಗಿ ಸರಿಯಾಗಿ 108 ವರ್ಷಕ್ಕೆ, 1968ರ ಅಕ್ಟೋಬರ್ 6ರಂದು, ಅಮೆರಿಕದ ಲಾಸ್ ಏಂಜಲೀಸ್ ಹತ್ತಿರ ಒಂದು ಬಾಡಿಗೆ ಮನೆಯ ಹಾಲ್‌ನಲ್ಲಿ 12 ಜನ ಪ್ರಾರ್ಥನೆಗೆ ಸೇರಿದರು. ಕರೆದವರು ಟ್ರಾಯ್ ಪೆರಿ. ಆಗ ಅವರಿಗೆ 28 ವರ್ಷ. 15ನೇ ವಯಸ್ಸಿಗೇ ಪ್ರಸಂಗ ಮಾಡಲು ಪರವಾನಗಿ ಪಡೆದವರು. ಮುಂದೆ ಪೆಂಟೆಕೋಸ್ಟಲ್ ಪಾಸ್ಟರ್ ಆದರು. ಪಾಸ್ಟರ್ ಒಬ್ಬರ ಮಗಳನ್ನು ಮದುವೆಯಾದರು, ಇಬ್ಬರು ಗಂಡುಮಕ್ಕಳಾದರು. ತಾವು ಸಲಿಂಗಿ ಎಂಬುದು ಗೊತ್ತಾದಾಗ ಸಭೆ ಹೊರಗೆ ಹಾಕಿತು. ಸಂಸಾರವೂ ಮುರಿಯಿತು. ಒಂದು ಹಂತದಲ್ಲಿ ಸಾಯಲು ಹೊರಟು ಬದುಕಿ ಉಳಿದರು. ಅದಾದ ಮೇಲೆ, ಸ್ನೇಹಿತನೊಬ್ಬ ಬಾರ್‌ನಲ್ಲಿ ಸುಮ್ಮನೆ ಬಂಧನಕ್ಕೊಳಗಾಗಿ ಬಂದು, ನಮ್ಮನ್ನು ದೇವರೂ ಕೇಳುವುದಿಲ್ಲ ಎಂದು ಕೈಚೆಲ್ಲಿ ಕೂತ. ಅವನ ಆ ಮಾತಿಗೆ ಉತ್ತರವಾಗಿ ಪೆರಿ ಪೇಪರಿನಲ್ಲಿ ಒಂದು ಜಾಹೀರಾತು ಕೊಟ್ಟು ಆರಾಧನೆಗೆ ಜನರನ್ನು ಕರೆದರು. ಮೆಟ್ರೊಪಾಲಿಟನ್ ಕಮ್ಯುನಿಟಿ ಚರ್ಚ್ ಹುಟ್ಟಿದ್ದು ಹಾಗೆ.

ಮುಂದಿನ ದಾರಿ ಸುಲಭವಿರಲಿಲ್ಲ. 1973ರ ಜನವರಿಯಲ್ಲಿ ಅವರ ಲಾಸ್ ಏಂಜಲೀಸ್ ಚರ್ಚ್ ಬೆಂಕಿಗೆ ಆಹುತಿಯಾಯಿತು. ಅದೇ ವರ್ಷ ಜೂನ್ 24, ಭಾನುವಾರ ಸಂಜೆ. ನ್ಯೂ ಆರ್ಲಿಯನ್ಸ್ ಊರಿನ ಒಂದು ಮಹಡಿ ಮೇಲಿನ ಬಾರ್‌ಗೆ ಯಾರೋ ಮೆಟ್ಟಿಲಲ್ಲೇ ಬೆಂಕಿ ಇಟ್ಟರು. ಪೆರಿಯವರ ಚರ್ಚಿಗೆ ಸೇರಿದ ಅಲ್ಲಿನ ಪುಟ್ಟ ಸಭೆಯವರು ಹಿಂದೆ ಅದೇ ಜಾಗದಲ್ಲಿ ಆರಾಧನೆ ನಡೆಸುತ್ತಿದ್ದರು, ಆಮೇಲೂ ಅಲ್ಲಿ ಸೇರುತ್ತಿದ್ದರು. ಕಿಟಕಿಗಳಿಗೆ ಸರಳು. 32 ಜನ ಸತ್ತರು. ಸಭೆಯ ಪಾಸ್ಟರ್ ಬಿಲ್ ಲಾರ್ಸನ್ ಕಿಟಕಿಯ ಸರಳಿಗೆ ಸಿಕ್ಕಿಕೊಂಡೇ ಪ್ರಾಣ ಬಿಟ್ಟರು. ಅವರ ದೇಹ ಗಂಟೆಗಟ್ಟಲೆ ಬೀದಿಗೆ ಕಾಣುವಂತೆ ಅಲ್ಲೇ ಇತ್ತು.

ಸತ್ತವರಿಗೆ ಪ್ರಾರ್ಥನೆ ನಡೆಸಲು ಚರ್ಚ್ ಸಿಗುವುದೇ ಕಷ್ಟವಾಯಿತು. ಕೆಲವು ದೇಹಗಳನ್ನು ಮನೆಯವರೇ ಕೇಳಿಕೊಂಡು ಬರಲಿಲ್ಲ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಸಾವಿನ ಮನೆಗೆ ಹಗೆಯವನೂ ಬರುತ್ತಾನೆ, ಅಲ್ವಾ? ಕೊಡಗಿನಲ್ಲಿ ಅದೊಂದು ಕಟ್ಟುಪಾಡಿನ ಹಾಗೆ.

ಪೆರಿ ವಿಮಾನ ಹತ್ತಿ ಬಂದರು. ಕೊನೆಗೆ ಜುಲೈ 1ರಂದು ಬಾಗಿಲು ತೆರೆದ ಚರ್ಚುಗಳಲ್ಲಿ ಒಂದರ ಹೆಸರು ಸೇಂಟ್ ಮಾರ್ಕ್ಸ್. ಅದೂ ಸೇಂಟ್ ಮಾರ್ಕ್ಸ್! ಮೆಥೊಡಿಸ್ಟರ ಚರ್ಚ್ ಅದು. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಮುಂಬಾಗಿಲ ಹತ್ತಿರ ಟಿವಿ ಕ್ಯಾಮೆರಾಗಳು ಬಂದು ನಿಂತಿದ್ದವು. ಮುಖ ಟಿವಿಯಲ್ಲಿ ಬಂದರೆ ಕೆಲಸ ಹೋಗುತ್ತದೆ, ಮನೆ ಹೋಗುತ್ತದೆ. ಬೇಕಾದವರು ಹಿಂಬಾಗಿಲಿಂದ ಹೋಗಬಹುದು ಎಂದು ಪೆರಿ ಹೇಳಿದರು. ಹಾಡು ಮುಗಿಸಿ ಎಲ್ಲರೂ ಮುಂಬಾಗಿಲಿಂದಲೇ ಹೊರಗೆ ನಡೆದರು ಎಂದು ಅಲ್ಲಿದ್ದವರು ನೆನೆಯುತ್ತಾರೆ.

ಬೇರೆ ಸಭೆಗಳು ನಿಧಾನವಾಗಿ ಬದಲಾದವು. 1972ರಲ್ಲೇ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್, ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡ ವಿಲಿಯಂ ಜಾನ್ಸನ್ ಅವರಿಗೆ ಸಭಾಪಾಲಕ ದೀಕ್ಷೆ ಕೊಟ್ಟಿತ್ತು. 2003ರಲ್ಲಿ, ತಾವು ಸಲಿಂಗಿ ಎಂಬುದನ್ನು ಮುಚ್ಚಿಡದ ಜೀನ್ ರಾಬಿನ್ಸನ್ ಅಮೆರಿಕದ ಎಪಿಸ್ಕೋಪಲ್ ಸಭೆಯ ಬಿಷಪ್ ಆದರು. ಆ ದಿನ ಬಿಷಪ್ಪರ ಉಡುಪಿನ ಒಳಗೆ ಅವರು ಗುಂಡು ನಿರೋಧಕ ಕವಚ ತೊಟ್ಟಿದ್ದರು. ಅಮೆರಿಕದ ಯುನೈಟೆಡ್ ಮೆಥೊಡಿಸ್ಟರು ಸಲಿಂಗಿ ಪಾಸ್ಟರುಗಳ ಮೇಲಿನ ನಿಷೇಧ ತೆಗೆದದ್ದು 2024ರಲ್ಲಿ. ಕ್ಯಾಥೊಲಿಕ್ ಸಭೆ 2023ರ ಡಿಸೆಂಬರಿನಲ್ಲಿ ಇಂಥ ಜೋಡಿಗಳಿಗೆ ಗುರುಗಳು ಆಶೀರ್ವಾದ ಕೊಡಬಹುದು ಎಂದಿತು. ಮದುವೆ ಮಾಡಿಸುವಂತಿಲ್ಲ.

'ಸತ್ಯವೇದದಲ್ಲೇ ಬೇಡ ಅಂತ ಇದೆಯಲ್ಲ' ಎಂದು ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ, ತಳ್ಳಿಹಾಕುವಂತಿಲ್ಲ. ಕೊರಿಂಥದವರಿಗೆ ಪೌಲ ಬರೆದ ಮೊದಲ ಪತ್ರದ ಆರನೇ ಅಧ್ಯಾಯದಲ್ಲಿ ನಮ್ಮ ಕನ್ನಡ ಸತ್ಯವೇದ 'ಪುರುಷಗಾಮಿಗಳು' ಎನ್ನುತ್ತದೆ. ಮೂಲ ಗ್ರೀಕ್ ಪದ ಅಪರೂಪದ್ದು, ಅದರ ಅರ್ಥದ ಬಗ್ಗೆ ಪಂಡಿತರಲ್ಲೇ ಒಮ್ಮತವಿಲ್ಲ. ಇಂಗ್ಲಿಷ್ ಬೈಬಲಿನಲ್ಲಿ 'ಸಲಿಂಗಕಾಮಿ' ಎಂಬರ್ಥದ ಪದ ಮೊದಲು ಬಂದದ್ದೇ 1946ರಲ್ಲಿ. ಅದೇ ಸತ್ಯವೇದದಲ್ಲಿ ಅಪೊಸ್ತಲರ ಕೃತ್ಯಗಳು ಎಂಟನೇ ಅಧ್ಯಾಯವೂ ಇದೆ. ಐಥಿಯೋಪ್ಯದ ಕಂಚುಕಿಯೊಬ್ಬ, ಅಂದರೆ ಬೀಜ ತೆಗೆಸಿದ ಅರಮನೆಯ ಅಧಿಕಾರಿ, ರಥದಲ್ಲಿ ಹೋಗುತ್ತಾ, ಇಗೋ ನೀರಿದೆ, ನನಗೆ ದೀಕ್ಷಾಸ್ನಾನ ಕೊಡಲು ಏನು ಅಡ್ಡಿ ಎಂದು ಕೇಳುತ್ತಾನೆ. ಅಂಥವರು ಸಭೆಗೆ ಸೇರಬಾರದು ಎಂದು ಹಳೇ ಧರ್ಮಶಾಸ್ತ್ರದಲ್ಲಿತ್ತು. ಜೊತೆಗಿದ್ದ ಬೋಧಕ ಫಿಲಿಪ್ಪ ಆ ಮಾತನ್ನು ಎತ್ತಲಿಲ್ಲ, ಅವನ ಜೊತೆ ನೀರಿಗೆ ಇಳಿದ.

ನಮ್ಮ ದೇಶದಲ್ಲಿ ಕೋರ್ಟು ಸಭೆಗಿಂತ ಮುಂದೆ ಹೋಯಿತು. 2009ರಲ್ಲಿ ದೆಹಲಿ ಹೈಕೋರ್ಟ್ 377ರ ಹಿಡಿತ ಸಡಿಲಿಸಿತು, 2013ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಬಿಗಿ ಮಾಡಿತು. ಆಗ ಮುಂಬೈಯ ಕಾರ್ಡಿನಲ್ ಓಸ್ವಾಲ್ಡ್ ಗ್ರೇಷಿಯಸ್, ಈ ಜನರನ್ನು ಚರ್ಚ್ ಎಂದೂ ಅಪರಾಧಿಗಳೆಂದು ನೋಡಿಲ್ಲ ಎಂದರು. ಕೆಲವು ಕ್ರೈಸ್ತ ಸಂಘಟನೆಗಳು ಮಾತ್ರ ಕೋರ್ಟಿನಲ್ಲಿ ಕಲಮನ್ನು ಉಳಿಸಲು ವಾದಿಸಿದವು. 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಒಪ್ಪಿ ಇರುವುದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2023ರ ಅಕ್ಟೋಬರಿನಲ್ಲಿ ಮದುವೆಯ ಹಕ್ಕು ಕೇಳಿದವರಿಗೆ ಅದು ಸಿಗಲಿಲ್ಲ.

ಕೊಡಗಿನ ಸಭೆಗಳ ಹುಟ್ಟನ್ನು ನೋಡಿದರೆ ನನಗೆ ಬೇರೆಯೇ ಮಾತು ಕೇಳಿಸುತ್ತದೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ವಿರಾಜಪೇಟೆಯಲ್ಲಿ ಜಾಗ ಕೊಟ್ಟ. 1792ರ ಸಂತ ಅನ್ನಮ್ಮ ಚರ್ಚ್ ಶುರುವಾದದ್ದು ಹಾಗೆ. 1853ರಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಇಲ್ಲಿಗೆ ಬಂದರು. ಸಿದ್ದಾಪುರದ ಕಡೆ ಆನಂದಪುರದಲ್ಲಿ, ಜೀತದಲ್ಲಿದ್ದ ದಲಿತ ಕುಟುಂಬಗಳಿಗೆ ನೆಲೆ ಮಾಡಿಕೊಟ್ಟರು. ಯಾರನ್ನು ಊರು ಹೊಸ್ತಿಲಾಚೆ ನಿಲ್ಲಿಸಿತ್ತೋ ಅವರೇ ಇಲ್ಲಿ ಮುಂದಿನ ಬೆಂಚಿನವರಾದರು.

ನಮ್ಮ ಸಭೆಯಲ್ಲಿ ಒಬ್ಬ ಅಣ್ಣ ಇದ್ದರು. ಭಾನುವಾರ ಶಾಲೆಯಲ್ಲಿ ನನಗೆ ಕೀರ್ತನೆಗಳನ್ನು ಬಾಯಿಪಾಠ ಮಾಡಿಸಿದವರು. ಕಾಫಿ ಕೊಯ್ಲಿನ ಕಾಲದಲ್ಲೂ ಸಂಜೆ ಕೈ ತೊಳೆದುಕೊಂಡು ತೋಟದ ಕೆಲಸದವರ ಲೈನುಮನೆಗಳಿಗೆ ಪ್ರಾರ್ಥನೆಗೆ ಹೋಗುತ್ತಿದ್ದರು. ಬೆರಳ ಸಂದಿನಲ್ಲಿ ಕಾಫಿ ಹಣ್ಣಿನ ಕಪ್ಪು ಇನ್ನೂ ಇರುತ್ತಿತ್ತು. ಅವರು ಪಾಸ್ಟರ್ ಆಗುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದೆವು. ಒಂದು ದಿನ ತಮ್ಮ ವಿಷಯ ಮನೆಯಲ್ಲಿ ಹೇಳಿದರು. ಆಮೇಲೆ ಅವರಿಗೆ ಯಾರೂ ಬೈಯಲಿಲ್ಲ. ಪ್ರಾರ್ಥನೆ ನಡೆಸಲು ಕರೆಯುವುದನ್ನು ಮಾತ್ರ ನಿಲ್ಲಿಸಿದರು. ಅವರು ಬೆಂಗಳೂರಿಗೆ ಹೋದರು.

ಈಗ ಭಾನುವಾರ ಮಧ್ಯಾಹ್ನ ಅವರ ಬಾಡಿಗೆ ಕೋಣೆಯಲ್ಲಿ ಏಳೆಂಟು ಜನ ಸೇರುತ್ತಾರೆ. ದೀಕ್ಷೆಯಿಲ್ಲ, ಪಾಸ್ಟರರ ನಿಲುವಂಗಿಯಿಲ್ಲ, ಚಾಪೆ ಹಾಸಿ ಕೂರುತ್ತಾರೆ. ನಾನು ಒಮ್ಮೆ ಹೋಗಿದ್ದೆ. ಬಂದವರಲ್ಲಿ ಒಬ್ಬ ಹುಡುಗ ಬಾಗಿಲ ಹತ್ತಿರವೇ ಚಪ್ಪಲಿ ಬಿಡದೆ ನಿಂತಿದ್ದ. ಅಣ್ಣ ಹಾಡು ನಿಲ್ಲಿಸಿ, 'ಒಳಗೆ ಬಾ ಮಗಾ, ಜಾಗ ಇದೆ' ಎಂದು ತಾವು ಕೂತಿದ್ದ ಚಾಪೆಯಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದರು.